ಬೆಳಕಿನ ಉಳಿ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಪ್ರದೇಶವನ್ನು ಪ್ರಾಚೀನ ಶಾಸನಗಳು ‘ಎಡೆದೊರೆ ನಾಡು’ ಎಂದು ಕರೆದಿವೆ. ಇಂದಿನ ರಾಯಚೂರು ಜಿಲ್ಲೆಯ ಬಹುಭಾಗ ಈ ನಾಡಿಗೆ ಸೇರಿದೆ. ಎರಡು ಮಹಾನದಿಗಳ ನಡುವೆ ಇದ್ದರೂ ಇಲ್ಲಿ ಪ್ರವಾಸಿಯ ಕಣ್ಣಿಗೆ ಮೊದಲು ಬೀಳುವುದು ಕಲ್ಲು. ಬಯಲಿನ ನಡುವೆ ಒಂದರ ಮೇಲೊಂದು ಪೇರಿಸಿಟ್ಟಂತೆ ನಿಂತ ಬಂಡೆಗಳು, ಕುರುಚಲು ಗಿಡಗಳ ಬೋಳುಗುಡ್ಡಗಳು ಎಲ್ಲೆಡೆ ಕಾಣುತ್ತವೆ. ರಾಯಚೂರು ತಾಲ್ಲೂಕಿನ ಚಂದ್ರಬಂಡದಂತಹ ಊರಿನ ಹೆಸರಿನಲ್ಲಿಯೇ ಬಂಡೆಯ ಧ್ವನಿ ಕೇಳಿಬರುತ್ತದೆ.

ಈ ನಾಡಿನ ಜನ ಕಲ್ಲಿನೊಡನೆ ಬಹುಕಾಲದಿಂದ ಒಡನಾಡಿದವರು. ರಾಯಚೂರಿನ ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲನ್ನು ಇಂದಿಗೂ ಕಾಣಬಹುದು. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗನ್ನಯ್ಯ ರೆಡ್ಡಿ ಎಂಬವನ ಅಪ್ಪಣೆಯಂತೆ ಕೋಟೆ ಕಟ್ಟಿದ ಸಂಗತಿಯನ್ನು ಅದರ ಮೇಲಿನ ಶಾಸನ ತಿಳಿಸುತ್ತದೆ. ಆ ಹೆಬ್ಬಂಡೆಯನ್ನು ಬಂಡಿಯ ಮೇಲೇರಿಸಿ, ಉದ್ದನೆಯ ಸಾಲಿನ ಪಶುಗಳಿಂದ ಎಳೆಸಿ ತಂದ ದೃಶ್ಯವನ್ನೂ ಅಲ್ಲಿ ಕೆತ್ತಿದ್ದಾರೆ. ಬಂಡೆಯನ್ನು ಸೀಳುವ ಕಲ್ಲುಕುಟಿಗನು ಅದರ ಮೇಲೆ ಕುರುಡಾಗಿ ಸುತ್ತಿಗೆ ಬೀಸುವುದಿಲ್ಲ. ಮೊದಲು ಉಳಿಯಿಂದ ಸಾಲಾಗಿ ಕುಳಿಗಳನ್ನು ಕೊರೆಯುತ್ತಾನೆ. ಬಳಿಕ ಅವುಗಳಲ್ಲಿ ಬೆಣೆಗಳನ್ನಿಟ್ಟು ಹದವರಿತು ಬಡಿಯುತ್ತಾನೆ. ಆನೆಗಾತ್ರದ ಬಂಡೆ ತಾನಾಗಿಯೇ ಬಿರುಕು ಬಿಡುತ್ತದೆ. ಬಲಕ್ಕಿಂತ ಹದ ದೊಡ್ಡದು ಎಂಬುದು ಆ ವೃತ್ತಿಯ ಗುಟ್ಟು.

ಮನುಷ್ಯನ ದೇಹದೊಳಗೂ ಒಮ್ಮೊಮ್ಮೆ ಕಲ್ಲು ಬೆಳೆಯುತ್ತದೆ. ಅದು ಜೋಳದ ಕಾಳಿನಷ್ಟು ಚಿಕ್ಕದಿರಬಹುದು, ನಿಂಬೆಯ ಹಣ್ಣಿನಷ್ಟು ದೊಡ್ಡದೂ ಆಗಬಹುದು. ಪುಸ್ತಕದ ಭಾಷೆಯಲ್ಲಿ ಇದನ್ನು ಮೂತ್ರಪಿಂಡದ ಹರಳು ಎನ್ನುತ್ತಾರೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಅದು ‘ಹಳ್ಳು’. ಸಂಸ್ಕೃತದಲ್ಲಿ ‘ಅಶ್ಮ’ ಎಂದರೆ ಕಲ್ಲು. ಅದರಿಂದಲೇ ಈ ರೋಗಕ್ಕೆ ‘ಅಶ್ಮರಿ’ ಎಂಬ ಹೆಸರು ಬಂದಿತು. ಹೊರಗಿನ ಬಂಡೆಯನ್ನು ಸೀಳಲು ಉಳಿಯುಂಟು, ಸುತ್ತಿಗೆಯುಂಟು. ಮೃದುವಾದ ಮಾಂಸದ ನಡುವೆ ಅಡಗಿ ಕುಳಿತ ಈ ಕಲ್ಲನ್ನು ಒಡೆಯುವುದು ಹೇಗೆ? ಸಾವಿರಾರು ವರ್ಷಗಳ ಕಾಲ ವೈದ್ಯರನ್ನು ಕಾಡಿದ ಪ್ರಶ್ನೆ ಇದು.

ಈ ಹರಳು ಹೇಗೆ ಹುಟ್ಟುತ್ತದೆ ಎಂಬುದನ್ನು ಮೊದಲು ತಿಳಿಯೋಣ. ನಮ್ಮ ಬೆನ್ನಿನ ಭಾಗದಲ್ಲಿ, ಪಕ್ಕೆಲುಬುಗಳ ಆಸರೆಯಲ್ಲಿ, ಅವರೆ ಬೀಜದ ಆಕಾರದ ಎರಡು ಮೂತ್ರಪಿಂಡಗಳಿವೆ. ಇವು ದಿನವೊಂದಕ್ಕೆ ಸುಮಾರು 180 ಲೀಟರಿನಷ್ಟು ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಬಹುಪಾಲು ಮತ್ತೆ ರಕ್ತಕ್ಕೆ ಸೇರುತ್ತದೆ; ಒಂದೂವರೆ ಅಥವಾ ಎರಡು ಲೀಟರಿನಷ್ಟು ಮಾತ್ರ ಮೂತ್ರವಾಗಿ ಉಳಿಯುತ್ತದೆ. ಅದು ಮೂತ್ರನಾಳಗಳೆಂಬ ಎರಡು ತೆಳು ಕೊಳವೆಗಳ ಮೂಲಕ ಇಳಿದು ಮೂತ್ರಕೋಶದಲ್ಲಿ ಸಂಗ್ರಹವಾಗುತ್ತದೆ. ಮೂತ್ರನಾಳದ ಉದ್ದ ಸುಮಾರು 25ರಿಂದ 30 ಸೆಂಟಿಮೀಟರ್. ಒಳಗಿನ ಅಗಲ ಮೂರು ನಾಲ್ಕು ಮಿಲಿಮೀಟರ್ ಮಾತ್ರ.

ಮೂತ್ರದಲ್ಲಿ ಕ್ಯಾಲ್ಸಿಯಂ, ಆಕ್ಸಲೇಟ್, ಯೂರಿಕ್ ಆಮ್ಲ ಮೊದಲಾದ ಪದಾರ್ಥಗಳು ಕರಗಿರುತ್ತವೆ. ನೀರು ಸಾಕಷ್ಟಿದ್ದಾಗ ಅವು ಕರಗಿದ ಸ್ಥಿತಿಯಲ್ಲಿಯೇ ಹೊರಗೆ ಹೋಗುತ್ತವೆ. ನೀರು ಕಡಿಮೆಯಾದರೆ, ಸಕ್ಕರೆಯ ಪಾಕ ಗಟ್ಟಿಯಾದಾಗ ಹರಳುಗಟ್ಟುವಂತೆ, ಅವು ಸಣ್ಣ ಸಣ್ಣ ಕಣಗಳಾಗಿ ಬೇರ್ಪಡುತ್ತವೆ. ಕಣಕ್ಕೆ ಕಣ ಅಂಟಿ ಹರಳಾಗುತ್ತದೆ. ಹರಳುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟಿನಿಂದ ಆದವು. ಯೂರಿಕ್ ಆಮ್ಲದ ಹರಳುಗಳು, ಸೋಂಕಿನಿಂದ ಉಂಟಾಗುವ ಹರಳುಗಳು, ವಂಶಪಾರಂಪರ್ಯವಾಗಿ ಬರುವ ಸಿಸ್ಟೀನ್ ಹರಳುಗಳು ಇತರ ಬಗೆಗಳು.

ಚಂದ್ರಬಂಡದ ಕಡೆಯ ಒಬ್ಬ ರೈತನನ್ನು ಕಲ್ಪಿಸಿಕೊಳ್ಳೋಣ. ಬೇಸಿಗೆಯಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಆತ ಮುಂಜಾನೆ ರೊಟ್ಟಿಯ ಬುತ್ತಿಯೊಡನೆ ಹೊಲಕ್ಕೆ ಹೋದರೆ ಮರಳುವುದು ಸಂಜೆಗೆ. ಕುಡಿದ ನೀರೆಲ್ಲ ಬೆವರಾಗಿ ಹರಿಯುತ್ತದೆ. ಮೂತ್ರ ಕಡಿಮೆಯಾಗಿ ಗಾಢ ಹಳದಿಗೆ ತಿರುಗುತ್ತದೆ. ವರ್ಷಗಟ್ಟಲೆ ಹೀಗೆ ನಡೆದರೂ ಆತನಿಗೆ ಯಾವ ನೋವೂ ಕಾಣದಿರಬಹುದು. ಒಂದು ರಾತ್ರಿ ಹರಳು ಮೂತ್ರಪಿಂಡದಿಂದ ಜಾರಿ ಮೂತ್ರನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ನಾಳ ಅದನ್ನು ಕೆಳಗೆ ನೂಕಲು ಹಿಂಡುತ್ತದೆ. ಆಗ ಪಕ್ಕೆಯ ಕೆಳಗೆ ಆರಂಭವಾದ ನೋವು ಅಲೆಯಲೆಯಾಗಿ ತೊಡೆಯ ಸಂದಿನವರೆಗೆ ಹಬ್ಬುತ್ತದೆ. ಕುಳಿತರೂ ನೆಮ್ಮದಿಯಿಲ್ಲ, ಮಲಗಿದರೂ ನೆಮ್ಮದಿಯಿಲ್ಲ. ವಾಂತಿಯಾಗಬಹುದು, ಮೂತ್ರದಲ್ಲಿ ರಕ್ತವೂ ಕಾಣಿಸಬಹುದು.

ಈ ವೇದನೆ ಮನುಷ್ಯಕುಲದಷ್ಟೇ ಹಳೆಯದು. ಈಜಿಪ್ಟಿನ ಪುರಾತನ ಸಮಾಧಿಯೊಂದರಲ್ಲಿ ಸುಮಾರು ಏಳು ಸಾವಿರ ವರ್ಷಗಳ ಹಿಂದಿನ ಹುಡುಗನೊಬ್ಬನ ದೇಹದಲ್ಲಿ ಇಂತಹ ಹರಳು ದೊರೆತಿತ್ತು. ನಮ್ಮ ದೇಶದ ಸುಶ್ರುತ ಸಂಹಿತೆ ಅಶ್ಮರಿಯನ್ನು ನಾಲ್ಕು ಬಗೆಗಳಾಗಿ ವಿಂಗಡಿಸಿ, ಮೂತ್ರಕೋಶವನ್ನು ಕೊಯ್ದು ಕಲ್ಲನ್ನು ತೆಗೆಯುವ ಕ್ರಮವನ್ನು ವಿವರವಾಗಿ ಹೇಳಿದೆ. ಕುಶಲನಾದ ವೈದ್ಯನ ಕೈಯಲ್ಲಿಯೂ ಇದು ನಿಶ್ಚಿತವಲ್ಲ, ಆದುದರಿಂದ ಒಡೆಯನ ಅನುಮತಿಯನ್ನು ಪಡೆದೇ ಕೈಹಚ್ಚಬೇಕು ಎಂದು ಅದು ಎಚ್ಚರಿಸುತ್ತದೆ. ಗ್ರೀಸಿನ ಹಿಪೊಕ್ರೆಟಿಸನ ಹೆಸರಿನಲ್ಲಿ ಪ್ರಸಿದ್ಧವಾದ ವೈದ್ಯರ ಪ್ರತಿಜ್ಞೆಯಲ್ಲಿಯೂ ಕಲ್ಲಿಗಾಗಿ ತಾನು ಕೊಯ್ಯುವುದಿಲ್ಲ, ಆ ಕೆಲಸವನ್ನು ಬಲ್ಲವರಿಗೆ ಬಿಡುತ್ತೇನೆ ಎಂಬ ಮಾತಿದೆ. ಅರಿವಳಿಕೆಯಿಲ್ಲದ, ಸೂಕ್ಷ್ಮಜೀವಿಗಳ ಅರಿವಿಲ್ಲದ ಆ ಕಾಲದಲ್ಲಿ ಈ ಚಿಕಿತ್ಸೆ ಎಷ್ಟು ಭಯಂಕರವಾಗಿದ್ದಿರಬೇಕೆಂಬುದನ್ನು ಊಹಿಸಬಹುದು.

ಕೊಯ್ಯದೆ ಒಳಗೇ ಒಡೆಯಬೇಕು ಎಂಬ ಆಲೋಚನೆ ಫಲಿಸಿದುದು 1824ರಲ್ಲಿ. ಪ್ಯಾರಿಸ್ಸಿನ ವೈದ್ಯ ಜಾನ್ ಸಿವಿಯಾಲ್ ಮೂತ್ರದ ಹಾದಿಯ ಮೂಲಕವೇ ಉಪಕರಣವೊಂದನ್ನು ಮೂತ್ರಕೋಶಕ್ಕೆ ತೂರಿಸಿ ಕಲ್ಲನ್ನು ಹಿಡಿದು ಪುಡಿಮಾಡಿದನು. ಆದರೆ ಅದರಿಂದ ಮೇಲಿನ ಮೂತ್ರನಾಳವನ್ನಾಗಲಿ ಮೂತ್ರಪಿಂಡವನ್ನಾಗಲಿ ಮುಟ್ಟುವಂತಿರಲಿಲ್ಲ. 1976ರಲ್ಲಿ ಸ್ವೀಡನ್ನಿನ ವೈದ್ಯರು ಬೆನ್ನಿನಲ್ಲಿ ಸಣ್ಣ ರಂಧ್ರವೊಂದನ್ನು ಮಾಡಿ ಅದರ ಮೂಲಕ ಮೂತ್ರಪಿಂಡದ ಕಲ್ಲನ್ನು ತೆಗೆದ ವಿಧಾನವನ್ನು ಪ್ರಕಟಿಸಿದರು. 1980ರ ಫೆಬ್ರವರಿ 7ರಂದು ಜರ್ಮನಿಯ ಮ್ಯೂನಿಕ್ ನಗರದಲ್ಲಿ ಕ್ರಿಶ್ಚಿಯನ್ ಶೌಸಿ ಮತ್ತು ಸಂಗಡಿಗರು ದೇಹದ ಹೊರಗಿನಿಂದ ಆಘಾತ ತರಂಗಗಳನ್ನು ಹಾಯಿಸಿ ಒಳಗಿನ ಕಲ್ಲನ್ನು ಒಡೆದರು. ಚಿಕಿತ್ಸೆಯ ಚರಿತ್ರೆಯಲ್ಲಿ ಇವು ದೊಡ್ಡ ಹೆಜ್ಜೆಗಳು. ಆದರೂ ಕೆಲವು ಗಟ್ಟಿ ಹರಳುಗಳು ತರಂಗಗಳಿಗೆ ಬಗ್ಗಲಿಲ್ಲ. ಇಂತಹ ಕಲ್ಲನ್ನು ಅದು ಇರುವ ಸ್ಥಳದಲ್ಲಿಯೇ, ಸುತ್ತಲಿನ ಮಾಂಸಕ್ಕೆ ನೋವಾಗದಂತೆ ಒಡೆಯಬಲ್ಲ ಉಳಿಯೊಂದು ಬೇಕಾಗಿತ್ತು. ಆ ಉಳಿಯನ್ನು ಒದಗಿಸಿದುದು ಲೇಸರ್.

ಲೇಸರ್ ಎಂದರೇನು? ಜಾತ್ರೆಯಲ್ಲಿ ಸೇರಿದ ಸಾವಿರ ಜನರು ತಮಗೆ ಬೇಕಾದ ದಿಕ್ಕಿಗೆ, ಬೇಕಾದ ವೇಗದಲ್ಲಿ ನಡೆಯುತ್ತಾರೆ. ಅದೇ ಸಾವಿರ ಜನರು ಕವಾಯತಿನ ಸಾಲಿನಲ್ಲಿ ಒಂದೇ ದಿಕ್ಕಿಗೆ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆಯಬಲ್ಲರು. ದೀಪದ ಬೆಳಕು ಜಾತ್ರೆಯ ಜನರಂತೆ; ಲೇಸರ್ ಬೆಳಕು ಕವಾಯತಿನ ಸಾಲಿನಂತೆ. ದೀಪದ ಬೆಳಕಿನಲ್ಲಿ ನಾನಾ ಬಣ್ಣದ ಅಲೆಗಳು ಬೆರೆತು ಎಲ್ಲ ಕಡೆಗೂ ಚದುರುತ್ತವೆ. ಲೇಸರಿನಲ್ಲಿ ಒಂದೇ ಬಣ್ಣದ, ಒಂದೇ ಲಯದ ಅಲೆಗಳು ಒಂದೇ ದಿಕ್ಕಿಗೆ ಸಾಗುತ್ತವೆ. ಆದುದರಿಂದ ಅದರ ಶಕ್ತಿಯನ್ನು ಸಾಸಿವೆ ಕಾಳಿಗಿಂತ ಚಿಕ್ಕ ಜಾಗದ ಮೇಲೆ ಕೇಂದ್ರೀಕರಿಸಬಹುದು.

ಇದರ ತತ್ತ್ವವನ್ನು ಆಲ್ಬರ್ಟ್ ಐನ್‌ಸ್ಟೈನ್ 1917ರಲ್ಲಿಯೇ ಪ್ರತಿಪಾದಿಸಿದ್ದನು. ಹೆಚ್ಚು ಶಕ್ತಿ ಪಡೆದ ಪರಮಾಣುವಿನ ಬಳಿ ತಕ್ಕ ಅಲೆಯುದ್ದದ ಬೆಳಕಿನ ಕಣವೊಂದು ಹಾಯ್ದರೆ, ಆ ಪರಮಾಣು ತನ್ನ ಶಕ್ತಿಯನ್ನು ಅಂತಹುದೇ ಮತ್ತೊಂದು ಕಣವಾಗಿ ಹೊರಸೂಸುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳಕು ವೃದ್ಧಿಯಾಗುತ್ತದೆ. ಎರಡು ಕನ್ನಡಿಗಳ ನಡುವೆ ಅದನ್ನು ಹಿಂದುಮುಂದಾಗಿ ಓಡಾಡಿಸಿದರೆ ಪ್ರಬಲವಾದ ಕಿರಣ ದೊರೆಯುತ್ತದೆ. ಈ ತತ್ತ್ವವನ್ನು ಬಳಸಿ 1960ರ ಮೇ 16ರಂದು ಅಮೆರಿಕದ ಥಿಯೋಡರ್ ಮೈಮನ್ ಕೆಂಪು ಮಾಣಿಕ್ಯದ ಸರಳಿನಿಂದ ಮೊದಲ ಲೇಸರ್ ಕಿರಣವನ್ನು ಹೊರಡಿಸಿದನು. 1968ರಲ್ಲಿ ಆ ಮಾಣಿಕ್ಯದ ಲೇಸರನ್ನು ಮೂತ್ರದ ಕಲ್ಲಿನ ಮೇಲೆ ಪ್ರಯೋಗಿಸಿ ನೋಡಲಾಯಿತು. ಕಲ್ಲು ಒಡೆಯಿತು, ಆದರೆ ವಿಪರೀತ ಶಾಖ ಹುಟ್ಟಿತು. ಜೀವಂತ ದೇಹದಲ್ಲಿ ಅದನ್ನು ಬಳಸುವಂತಿರಲಿಲ್ಲ. ಬಲವಿತ್ತು, ಹದವಿರಲಿಲ್ಲ.

ಆ ಹದ ದೊರೆತುದು 1990ರ ದಶಕದಲ್ಲಿ, ಹಾಲ್ಮಿಯಂ ಲೇಸರಿನಿಂದ. ಹಾಲ್ಮಿಯಂ ಒಂದು ಅಪರೂಪದ ಲೋಹ. ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮಿನ ಲ್ಯಾಟಿನ್ ಹೆಸರಿನಿಂದ ಅದಕ್ಕೆ ಆ ಹೆಸರು ಬಂದಿದೆ. ಈ ಲೇಸರಿನ ಕಿರಣ ಕಣ್ಣಿಗೆ ಕಾಣಿಸದು. ಅದರ ಅಲೆಯುದ್ದ ಸುಮಾರು 2100 ನ್ಯಾನೋಮೀಟರ್. ಅಂದರೆ ಕೆಂಪು ಬಣ್ಣದ ಆಚೆಗಿರುವ ಅವಕೆಂಪು ವಲಯಕ್ಕೆ ಸೇರಿದುದು. ಗುರಿ ಕಾಣಿಸಲೆಂದು ಅದರ ಜೊತೆಯಲ್ಲಿ ಕಣ್ಣಿಗೆ ಕಾಣುವ ಇನ್ನೊಂದು ಮಂದ ಕಿರಣವನ್ನು ಕಳುಹಿಸುತ್ತಾರೆ.

ಈ ಕಿರಣದ ಮುಖ್ಯ ಗುಣವೆಂದರೆ ನೀರು ಅದನ್ನು ಬೇಗನೆ ಹೀರಿಕೊಳ್ಳುತ್ತದೆ. ನೀರಿನಲ್ಲಾಗಲಿ, ಬಹುಪಾಲು ನೀರೇ ಆಗಿರುವ ಮಾಂಸದಲ್ಲಾಗಲಿ ಅದು ಅರ್ಧ ಮಿಲಿಮೀಟರಿಗಿಂತ ಆಳಕ್ಕೆ ಇಳಿಯಲಾರದು. ಹೀಗಾಗಿ ಕಲ್ಲಿಗೆ ತಾಗಿಸಿದಾಗ ಕಲ್ಲು ಒಡೆಯುತ್ತದೆ. ನಾಳದ ಗೋಡೆಯಿಂದ ಒಂದೆರಡು ಮಿಲಿಮೀಟರ್ ದೂರದಲ್ಲಿದ್ದರೆ ಗೋಡೆಗೆ ಸಾಮಾನ್ಯವಾಗಿ ಅಪಾಯವಿಲ್ಲ. ಕಿರಣ ಎಡೆಬಿಡದೆ ಹರಿಯುವುದೂ ಇಲ್ಲ. ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಕಡಿಮೆ ಅವಧಿಯ ಮಿಡಿತಗಳಾಗಿ ಅದು ಹೊರಡುತ್ತದೆ. ಪ್ರತಿಯೊಂದು ಮಿಡಿತ ತನ್ನ ಮುಂದಿರುವ ನೀರನ್ನು ಆವಿಯಾಗಿಸಿ ಸಣ್ಣದೊಂದು ಗುಳ್ಳೆಯನ್ನು ಉಂಟುಮಾಡುತ್ತದೆ. ಆ ಗುಳ್ಳೆಯ ದಾರಿಯಲ್ಲಿ ಉಳಿದ ಶಕ್ತಿ ಕಲ್ಲನ್ನು ಮುಟ್ಟುತ್ತದೆ. ಸಮುದ್ರವನ್ನು ಸೀಳಿ ದಾರಿ ಮಾಡಿದನೆಂದು ಬೈಬಲಿನಲ್ಲಿ ಹೇಳಲಾದ ಪ್ರವಾದಿಯ ನೆನಪಿನಿಂದ ವಿಜ್ಞಾನಿಗಳು ಇದನ್ನು ‘ಮೋಸೆಸ್ ಪರಿಣಾಮ’ ಎಂದು ಕರೆಯುತ್ತಾರೆ. ಕಲ್ಲಿನ ಆ ಬಿಂದು ಕಾದು ಸಡಿಲಗೊಂಡು ಬಿರಿಯುತ್ತದೆ.

ಈ ಕಿರಣವನ್ನು ದೇಹದೊಳಕ್ಕೆ ಕೊಂಡೊಯ್ಯುವುದು ಕೂದಲಿನಂತಹ ಗಾಜಿನ ಎಳೆ. ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು ತೆಳುವಾದ ತಿರುಳಿನ ಎಳೆಗಳೂ ಇದಕ್ಕೆ ಬಳಕೆಯಾಗುತ್ತವೆ. ಗಾಜಿನ ಎಳೆಗಳ ಕಟ್ಟಿನ ಮೂಲಕ ಬೆಳಕನ್ನು ಬಾಗಿಸಿ ಚಿತ್ರವನ್ನು ಸಾಗಿಸಬಹುದೆಂಬುದನ್ನು 1954ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್‌ಕಿನ್ಸ್ ಅವರೊಡನೆ ಪ್ರಕಟಿಸಿದವರು ಪಂಜಾಬಿನ ಮೋಗಾದಲ್ಲಿ ಜನಿಸಿದ ನರೀಂದರ್ ಸಿಂಗ್ ಕಪಾನಿ. ದೇಹದ ಒಳಭಾಗವನ್ನು ನೋಡುವ ಬಾಗುವ ದರ್ಶಕಗಳ ಬೆಳವಣಿಗೆಗೆ ಇಂತಹ ಸಂಶೋಧನೆಗಳು ಬುನಾದಿಯಾದುವು.

ಈಗ ನಮ್ಮ ರೈತನ ಬಳಿಗೆ ಮರಳೋಣ. ಆತನಿಗೆ ಸ್ಕ್ಯಾನಿಂಗ್ ಮಾಡಿ ಹರಳಿನ ಗಾತ್ರವನ್ನೂ ಸ್ಥಾನವನ್ನೂ ತಿಳಿಯುತ್ತಾರೆ. ಹರಳು ಐದು ಮಿಲಿಮೀಟರಿಗಿಂತ ಚಿಕ್ಕದಾಗಿದ್ದರೆ ನೀರು ಮತ್ತು ಔಷಧಗಳ ನೆರವಿನಿಂದ ಅದು ತಾನಾಗಿ ಹೊರಬೀಳುವ ಸಂಭವ ಹೆಚ್ಚು. ಎರಡು ಸೆಂಟಿಮೀಟರಿಗಿಂತ ದೊಡ್ಡದಾಗಿದ್ದರೆ ಬೆನ್ನಿನ ಕಡೆಯಿಂದ ತೆಗೆಯುವ ವಿಧಾನವೇ ಸಾಮಾನ್ಯವಾಗಿ ಲೇಸು. ನಡುವಿನ ಗಾತ್ರದ, ನಾಳದಲ್ಲಿ ಸಿಕ್ಕಿಕೊಂಡ ಹರಳುಗಳಿಗೆ ಲೇಸರ್ ಬಹಳ ಉಪಯುಕ್ತ. ಮೂತ್ರದಲ್ಲಿ ಸೋಂಕಿದ್ದರೆ ಮೊದಲು ಅದನ್ನು ಗುಣಪಡಿಸಬೇಕು.

ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಅರಿವಳಿಕೆ ಕೊಟ್ಟ ಬಳಿಕ ವೈದ್ಯರು ‘ಯುರೆಟರೋಸ್ಕೋಪ್’ ಎಂಬ ತೆಳು ದರ್ಶಕವನ್ನು ಮೂತ್ರದ ಸಹಜ ಹಾದಿಯಲ್ಲಿಯೇ ಒಳಕ್ಕೆ ಸಾಗಿಸುತ್ತಾರೆ. ಚರ್ಮದ ಮೇಲೆ ಒಂದು ಗೀರೂ ಬೀಳುವುದಿಲ್ಲ. ಒಳಗಿನ ದೃಶ್ಯ ಪರದೆಯ ಮೇಲೆ ಮೂಡುತ್ತದೆ. ಉಪ್ಪುನೀರಿನ ದ್ರಾವಣವನ್ನು ಸತತವಾಗಿ ಹರಿಸುತ್ತಾರೆ. ಅದು ನೋಟವನ್ನು ತಿಳಿಯಾಗಿಡುತ್ತದೆ, ಲೇಸರಿನ ಶಾಖವನ್ನೂ ತಣಿಸುತ್ತದೆ. ದರ್ಶಕದ ಒಳಗಿನ ಕಿರುದಾರಿಯಿಂದ ಗಾಜಿನ ಎಳೆ ಹೊರಬಂದು ಕಲ್ಲನ್ನು ಮುಟ್ಟುತ್ತದೆ. ಕಾಲಿನ ಕೆಳಗಿನ ಒತ್ತುಗುಂಡಿಯನ್ನು ವೈದ್ಯರು ಅದುಮಿದಾಗ ಕಿರಣ ಹೊರಡುತ್ತದೆ.

ಕಲ್ಲುಕುಟಿಗನ ಹದ ಇಲ್ಲಿಯೂ ಬೇಕು. ಮಿಡಿತಗಳ ಶಕ್ತಿಯನ್ನು ಹೆಚ್ಚಿಸಿ ಸಂಖ್ಯೆಯನ್ನು ಕಡಿಮೆ ಮಾಡಿದರೆ ಕಲ್ಲು ತುಂಡುತುಂಡಾಗುತ್ತದೆ; ಆ ತುಂಡುಗಳನ್ನು ಪುಟ್ಟ ಬುಟ್ಟಿಯಂತಹ ಉಪಕರಣದಿಂದ ಹಿಡಿದು ತೆಗೆಯಬೇಕು. ಶಕ್ತಿಯನ್ನು ತಗ್ಗಿಸಿ ಸಂಖ್ಯೆಯನ್ನು ಹೆಚ್ಚಿಸಿದರೆ ಕಲ್ಲಿನ ಮೇಲ್ಮೈ ಸವೆದು ಹಿಟ್ಟಾಗುತ್ತದೆ. ಹಿಟ್ಟು ಮೂತ್ರದೊಡನೆ ಹರಿದುಹೋಗುತ್ತದೆ. ಯಾವ ಬಗೆಯ ಹರಳನ್ನಾದರೂ ಹಾಲ್ಮಿಯಂ ಲೇಸರ್ ಒಡೆಯಬಲ್ಲದು. ಇತ್ತೀಚೆಗೆ ಥೂಲಿಯಂ ಎಂಬ ಇನ್ನೊಂದು ಲೋಹವನ್ನು ಬಳಸುವ ಲೇಸರ್ ಕೂಡ ಬಳಕೆಗೆ ಬಂದಿದೆ. ನೀರು ಅದರ ಕಿರಣವನ್ನು ಇನ್ನೂ ಬೇಗ ಹೀರುತ್ತದೆ. ಕಲ್ಲನ್ನು ಇನ್ನೂ ನುಣ್ಣಗೆ ಪುಡಿಮಾಡಲು ಇದರಿಂದ ಅನುಕೂಲವಾಗಿದೆ.

ಚಿಕಿತ್ಸೆಯ ನಂತರ ನಾಳ ಊದಿಕೊಂಡು ಮುಚ್ಚದಿರಲೆಂದು ಅನೇಕ ವೇಳೆ ‘ಸ್ಟೆಂಟ್’ ಎಂಬ ಮೆತ್ತನೆಯ ಕೊಳವೆಯನ್ನು ಒಳಗಿಡುತ್ತಾರೆ. ಕೆಲವು ದಿನಗಳ ಅಥವಾ ವಾರಗಳ ಬಳಿಕ, ವೈದ್ಯರು ಹೇಳಿದ ದಿನ, ಅದನ್ನು ತೆಗೆಸಲೇಬೇಕು. ನೋವು ಹೋಯಿತಲ್ಲ ಎಂದು ಊರಿಗೆ ಮರಳಿ, ಕೆಲಸದ ಭರದಲ್ಲಿ ಅದನ್ನು ಮರೆಯುವವರುಂಟು. ಮರೆತ ಕೊಳವೆಯ ಮೇಲೆಯೇ ಹೊಸ ಕಲ್ಲು ಬೆಳೆದು ಮೊದಲಿನದಕ್ಕಿಂತ ದೊಡ್ಡ ಸಂಕಟವಾಗುತ್ತದೆ. ಮನೆಯ ಓದುಬಲ್ಲ ಮಕ್ಕಳು ಆಸ್ಪತ್ರೆಯ ಚೀಟಿಯನ್ನು ಓದಿ ಆ ದಿನಾಂಕವನ್ನು ಹಿರಿಯರಿಗೆ ನೆನಪಿಸಿದರೆ ಅದು ಸಣ್ಣ ಉಪಕಾರವಲ್ಲ.

ಇನ್ನೊಂದು ಎಚ್ಚರವೂ ಅಗತ್ಯ. ನೋವು ನಿಂತಿತೆಂದರೆ ಹರಳು ಹೋಯಿತೆಂದು ಅನೇಕರು ಭಾವಿಸುತ್ತಾರೆ. ಹಾಗೆಂದು ಹೇಳಲಾಗದು. ಹರಳು ನಾಳವನ್ನು ಮುಚ್ಚಿಯೇ ಇದ್ದು ನೋವು ಮಾತ್ರ ಅಡಗಿರಬಹುದು. ಹೀಗೆ ತಿಂಗಳುಗಟ್ಟಲೆ ಹರಿವು ಕಟ್ಟಿದರೆ ಆ ಮೂತ್ರಪಿಂಡ ಸದ್ದಿಲ್ಲದೆ ಕೆಟ್ಟುಹೋಗುತ್ತದೆ. ಆ ಮೇಲೆ ಯಾವ ಲೇಸರೂ ಅದನ್ನು ಬದುಕಿಸಲಾರದು. ಹರಳಿನ ನೋವಿನೊಡನೆ ಚಳಿಜ್ವರ ಬಂದರೆ ಒಂದು ದಿನವೂ ತಡಮಾಡಬಾರದು. ಬಾಳೆದಿಂಡಿನ ರಸ, ಹುರುಳಿಯ ಕಟ್ಟು ಮೊದಲಾದ ಮನೆಮದ್ದುಗಳು ರೂಢಿಯಲ್ಲಿವೆ. ಅವುಗಳೊಡನೆ ಹೊಟ್ಟೆಗೆ ಸೇರುವ ದ್ರವ ಒಳ್ಳೆಯದೇ. ಆದರೆ ದೊಡ್ಡ ಹರಳನ್ನು ಅವು ಕರಗಿಸುತ್ತವೆ ಎಂಬುದಕ್ಕೆ ಸಾಕಷ್ಟು ಆಧಾರವಿಲ್ಲ. ಅವುಗಳನ್ನೇ ನಂಬಿ ಕಾಲ ಕಳೆಯುವುದು ಅಪಾಯ.

ಹಣದ ಚಿಂತೆಯಿಂದ ಚಿಕಿತ್ಸೆಯನ್ನು ಮುಂದೂಡುವವರೂ ಇದ್ದಾರೆ. 2007ರಲ್ಲಿ ಆರಂಭವಾದ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಈ ಜಿಲ್ಲೆಯ ಸರಕಾರಿ ವೈದ್ಯಕೀಯ ಕಾಲೇಜು. ಮೂತ್ರಪಿಂಡದ ರೋಗಗಳಿಗೆಂದೇ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ನೆಫ್ರೋ-ಯುರಾಲಜಿ ಸಂಸ್ಥೆ ಇದೆ. ಬಡ ಕುಟುಂಬಗಳ ಚಿಕಿತ್ಸೆಯ ವೆಚ್ಚಕ್ಕೆ ನೆರವಾಗಲು 2018ರಲ್ಲಿ ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ ಯೋಜನೆ ಜಾರಿಗೆ ಬಂದಿತು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿದರೆ ಮುಂದಿನ ದಾರಿ ತಿಳಿಯುತ್ತದೆ.

ಲೇಸರ್ ಇದ್ದ ಕಲ್ಲನ್ನು ಒಡೆಯುತ್ತದೆ; ಬರಲಿರುವ ಕಲ್ಲನ್ನು ತಡೆಯಲಾರದು. ಒಮ್ಮೆ ಹರಳಾದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹತ್ತು ವರ್ಷಗಳ ಒಳಗೆ ಮತ್ತೆ ಹರಳಾಗುವ ಸಂಭವವಿದೆ. ಅದನ್ನು ತಡೆಯುವ ಮುಖ್ಯ ಸಾಧನ ನೀರು. ದಿನಕ್ಕೆ ಎರಡು, ಎರಡೂವರೆ ಲೀಟರಿನಷ್ಟು ಮೂತ್ರವಾಗುವಂತೆ ನೀರು ಕುಡಿಯಬೇಕು; ಬಿಸಿಲಿನಲ್ಲಿ ದುಡಿಯುವವರಿಗೆ ಇನ್ನೂ ಹೆಚ್ಚು ಬೇಕು. ಗಡಸು ನೀರೇ ಹರಳಿಗೆ ಕಾರಣವೆಂದು ಹೆದರಿ ಕೆಲವರು ನೀರನ್ನೇ ಕಡಿಮೆ ಮಾಡುತ್ತಾರೆ. ಇದು ತಪ್ಪು. ಶುದ್ಧವಾದ ನೀರನ್ನು ಆರಿಸಿಕೊಳ್ಳಬೇಕು, ಆದರೆ ಕಡಿಮೆ ಕುಡಿಯಬಾರದು. ನಿಂಬೆಯ ರಸದಲ್ಲಿರುವ ಸಿಟ್ರೇಟ್ ಹರಳುಗಟ್ಟುವುದನ್ನು ತಡೆಯಲು ನೆರವಾಗುತ್ತದೆ. ಉಪ್ಪನ್ನು ಮಿತಗೊಳಿಸಬೇಕು. ಕ್ಯಾಲ್ಸಿಯಂ ಇದೆಯೆಂದು ಹಾಲು ಮಜ್ಜಿಗೆಗಳನ್ನು ಬಿಡಬೇಕಾಗಿಲ್ಲ. ಊಟದಲ್ಲಿನ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದು ಅದು ಮೂತ್ರಕ್ಕೆ ಸೇರದಂತೆ ತಡೆಯುತ್ತದೆ.

ಹೊಲದಲ್ಲಿ ಕಳೆ ಕೀಳುವ ಹೆಂಗಸರು, ಶಾಲೆಗೆ ಹೋಗುವ ಹೆಣ್ಣುಮಕ್ಕಳು ಅನೇಕ ವೇಳೆ ಬೇಕೆಂದೇ ನೀರು ಕುಡಿಯುವುದಿಲ್ಲ. ಹತ್ತಿರದಲ್ಲಿ ಶೌಚಾಲಯವಿಲ್ಲದಿರುವುದು ಅಥವಾ ಇದ್ದರೂ ಬಳಸುವಂತಿಲ್ಲದಿರುವುದು ಅದಕ್ಕೆ ಕಾರಣ. ನೀರು ಕುಡಿಯಿರಿ ಎಂದು ಉಪದೇಶಿಸುವವರು ಇದನ್ನು ಮರೆಯಬಾರದು. ಕೇರಳದ ಶಾಲೆಗಳಲ್ಲಿ 2019ರಲ್ಲಿ ‘ನೀರಿನ ಗಂಟೆ’ ಎಂಬ ಪದ್ಧತಿ ಪ್ರಚಾರಕ್ಕೆ ಬಂದಿತು. ಗಂಟೆ ಬಾರಿಸಿದಾಗ ಎಲ್ಲ ಮಕ್ಕಳೂ ಪಾಠ ನಿಲ್ಲಿಸಿ ನೀರು ಕುಡಿಯುತ್ತಾರೆ. ಇಂತಹ ಗಂಟೆಯ ಜೊತೆಗೆ ಸ್ವಚ್ಛವಾದ ಶೌಚಾಲಯವೂ ಇದ್ದರೆ ಮಾತ್ರ ಅದು ಫಲಕಾರಿಯಾಗುತ್ತದೆ.

ಬೆಳಕಿನ ಉಳಿಯನ್ನು ರೂಪಿಸಲು ಹಲವು ದೇಶಗಳ ವಿಜ್ಞಾನಿಗಳು ಒಂದು ಶತಮಾನದಷ್ಟು ಕಾಲ ಶ್ರಮಿಸಿದ್ದಾರೆ. ಕತ್ತಿಯ ಭಯದಿಂದ ನರಳುತ್ತಿದ್ದ ರೋಗಿ ಇಂದು ಒಂದೆರಡು ದಿನಗಳಲ್ಲಿ ಮನೆಗೆ ನಡೆದು ಬರಬಲ್ಲನು. ಆ ಶ್ರಮದ ಫಲ ಚಂದ್ರಬಂಡದಂತಹ ಊರಿನ ಕಟ್ಟಕಡೆಯ ಮನೆಗೂ ಸಕಾಲದಲ್ಲಿ ತಲುಪಬೇಕು. ಅದರ ಅಗತ್ಯವೇ ಬಾರದಂತೆ ನೋಡಿಕೊಳ್ಳುವ ಕೆಲಸವನ್ನು ಆ ಮನೆಯವರೇ ಇಂದೇ ಆರಂಭಿಸಬಹುದು. ಹೊಲಕ್ಕೆ ಹೊರಡುವಾಗ ಬುತ್ತಿಯ ಗಂಟಿನೊಡನೆ ತುಂಬಿದ ನೀರಿನ ಪಾತ್ರೆಯೂ ಇರಲಿ. ಸಂಜೆ ಮರಳುವಾಗ ಅದು ಬರಿದಾಗಿರಲಿ.